ಹಾಜರಿ ಹಲಗೆ

ಆಳಂದ,
ಭಾನುವಾರ, ೧೨ ಅಕ್ಟೋಬರ್ ೧೯೮೬

ಪ್ರೀತಿಯ ಮಾಣಿಕಣ್ಣನಿಗೆ ನಿನ್ನ ತಮ್ಮ ಪ್ರಭುದಾಸನ ವಂದನೆಗಳು.

ನಿನ್ನ ಕಾಲಿನ ಗಾಯ ಹೇಗಿದೆ? ಹೋದ ಗುರುವಾರ ವೈನಿಯ ತಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಹೆಬ್ಬೆರಳಿನ ಹುಣ್ಣು ಇನ್ನೂ ಮಾಯ್ದಿಲ್ಲ, ಆದರೂ ನೀನು ಇಜೇರಿಯ ಕರಿಹೊಲದಲ್ಲಿ ಬರಿಗಾಲಲ್ಲಿ ಓಡಾಡುತ್ತೀ ಎಂದು ಹೇಳಿದ. ಸಕ್ಕರೆ ಕಾಯಿಲೆಯವರ ಕಾಲನ್ನು ಹಾಗೆ ಬಿಡಬಾರದು. ಜೇವರ್ಗಿಗೆ ಹೋಗಿ ಡಾಕ್ಟರಿಗೆ ತೋರಿಸು. ವೈನಿ ಕೊಡುವ ಬೇವಿನ ನೀರಿನ ಮೇಲೆ ಎಲ್ಲ ಭಾರ ಹಾಕಬೇಡ. ನಾನು ಹೀಗೆ ಬರೆದರೆ ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತು. ನಿನಗೆ ಬೈಯಲು ಬರುತ್ತದೆ, ಬೈಸಿಕೊಳ್ಳಲು ಬರುವುದಿಲ್ಲ ಎಂದು ಅವ್ವ ಅನ್ನುತ್ತಿದ್ದಳು. ನಾವಿಲ್ಲಿ ಇದ್ದೇವೆ. ವಿಮಲಾಳ ಕೆಮ್ಮು ಮಳೆಯ ಜೊತೆಗೆ ಬಂದದ್ದು ಮಳೆ ಹೋದರೂ ಹೋಗಿಲ್ಲ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ನನಗೆ ಯಾವತ್ತೂ ಏನೂ ಆಗುವುದಿಲ್ಲ.

ಇವತ್ತು ಆರಾಧನೆಗೆ ಇಪ್ಪತ್ತೆರಡು ಜನ ಬಂದಿದ್ದರು. ನಿನ್ನ ಜಾಗಕ್ಕೆ ತಾತ್ಕಾಲಿಕವಾಗಿ ನೇಮಿಸಿದ ಪಾದ್ರಿ ಹದಿನೈದು ದಿನಕ್ಕೊಮ್ಮೆ ಅಫಜಲಪುರದಿಂದ ಬೆಳಗಿನ ಬಸ್ಸಿಗೆ ಬಂದು ಹನ್ನೆರಡರ ಬಸ್ಸಿಗೆ ಹೋಗುತ್ತಾರೆ. ಒಳ್ಳೆಯ ಮನುಷ್ಯ, ವಯಸ್ಸು ಮೂವತ್ತೂ ಆಗಿಲ್ಲ. ಇವತ್ತು ತಾಳ್ಮೆಯ ಬಗ್ಗೆ ಬೋಧಿಸಿದರು. ಯಾರ ತಾಳ್ಮೆ, ಯಾವುದರ ಬಗ್ಗೆ ತಾಳ್ಮೆ ಎಂದು ಹೇಳಲಿಲ್ಲ. ಬೋಧನೆಯ ನಡುವೆ ಎರಡು ಸಲ ಗಡಿಯಾರ ನೋಡಿಕೊಂಡರು. ಹೊರಗೆ ಬರುವಾಗ ನಮ್ಮ ಪಂಚರಲ್ಲಿ ಹಿರಿಯರಾದ ರೇವಣಪ್ಪನವರು ಅವರ ಕೈ ಕುಲುಕಿ, "ಎಷ್ಟು ಛಂದ ಹೇಳಿದ್ರಿ ಪಾದ್ರಿಗಳ, ಯಾರ ಮನಸ್ಸಿಗೂ ಹತ್ತಲಿಲ್ಲ ನೋಡ್ರಿ" ಎಂದರು. ಹೊಗಳಿಕೆ ಎಂದುಕೊಂಡೇ ಅಂದರು. ಪಾದ್ರಿಯೂ ಹಾಗೆಂದುಕೊಂಡೇ ನಕ್ಕರು.

ಇನ್ನು ವಿಷಯ. ಬರುವ ಶನಿವಾರ, ಹದಿನೆಂಟನೇ ತಾರೀಖು, ಜಿಲ್ಲೆಯ ಸಭೆಗಳ ಮೇಲ್ವಿಚಾರಕರು ವಿಚಾರಣೆಗೆ ಬರುತ್ತಾರೆ. ನಿನಗೂ ಕಾಗದ ಬಂದಿರಬೇಕು. ಸಭೆಯ ಪಂಚರು ನಿನ್ನ ಮೇಲೆ ಬರೆದುಕೊಟ್ಟ ಅರ್ಜಿಯಲ್ಲಿ ಬೇರೆ ಏನೇನೋ ಇದ್ದರೂ ಬಲವಿರುವುದು ಒಂದೇ ಮಾತಿಗೆ: ಈ ಪಾದ್ರಿಗಳು ಬಂದ ಮೇಲೆ, ಇವರ ಕಟುವಾದ ಬೋಧನೆಯಿಂದಾಗಿ, ಸಭೆಯ ಹಾಜರಿ ಅರ್ಧಕ್ಕೆ ಇಳಿದಿದೆ. ಹಾಜರಿ ಬರೆಯುವವನು ನಾನು. ಆದ್ದರಿಂದ ಅವರು ನನ್ನನ್ನೇ ಕರೆದು, ಹಲಗೆಯ ಮೇಲೆ ಬರೆದದ್ದು ನಿಜವೇ ಎಂದು ಕೇಳುತ್ತಾರೆ. ನಿಜ ಎಂದರೆ ನಿನ್ನ ಹೆಸರು ಪಾದ್ರಿಗಳ ಯಾದಿಯಿಂದ ಹೋಗುತ್ತದೆ, ಐವತ್ತೆರಡನೇ ವಯಸ್ಸಿನಲ್ಲಿ. ಸುಳ್ಳು ಎಂದರೆ ಏನಾಗುತ್ತದೆ ಎಂಬುದನ್ನು ಮುಂದೆ ಬರೆಯುತ್ತೇನೆ. ಈ ಹಲಗೆಯ ಕಥೆ ನಿನಗೆ ಅರ್ಧ ಗೊತ್ತು. ಉಳಿದರ್ಧವನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ.

ಹದಿಮೂರು ವರ್ಷದ ಹಿಂದೆ ದೇವಸಹಾಯಪ್ಪ ಪಾದ್ರಿಗಳು ನಮ್ಮ ಸಭೆಗೆ ಬಂದಾಗ ಪೀಠದ ಪಕ್ಕದ ಗೋಡೆಗೆ ಆ ಕರಿಹಲಗೆಯನ್ನು ಹಾಕಿಸಿದರು. ಒಂದು ಕಡೆ ಇಂದಿನ ಹಾಜರಿ, ಇನ್ನೊಂದು ಕಡೆ ಹೋದ ವಾರದ್ದು. ಲೆಕ್ಕದ ಮಾಸ್ತರನೆಂದು ಎಣಿಸುವ ಕೆಲಸವನ್ನು ನನಗೆ ಕೊಟ್ಟರು. ಬೋಧನೆ ಶುರುವಾದ ಮೇಲೆ ಹಿಂದಿನ ಗೋಡೆಗೆ ನಿಂತು, ಸಾಲು ಸಾಲಾಗಿ ತಲೆ ಎಣಿಸಿ, ಕೊನೆಯ ಹಾಡಿನ ಹೊತ್ತಿಗೆ ಸೀಮೆಸುಣ್ಣದಲ್ಲಿ ಬರೆಯುವುದು. ಈ ಕೆಲಸ ನನಗೆ ಹಿಡಿಸಿತು. ಎಣಿಸುವವನು ಕೇಳಬೇಕಾಗಿಲ್ಲ. ಅವನು ಒಳಗೂ ಇರುತ್ತಾನೆ, ಹೊರಗೂ ಇರುತ್ತಾನೆ. ಬೇರೆಯವರು ತಲೆ ತಗ್ಗಿಸಿ ಪ್ರಾರ್ಥಿಸುವಾಗ ತಲೆ ಎತ್ತಿ ನಿಲ್ಲಲು ಅವನಿಗೊಂದು ಕಾರಣವಿರುತ್ತದೆ. ಮೊದಲ ಭಾನುವಾರ ಬರೆದದ್ದು ನೂರ ಮೂವತ್ತೊಂದು. ಅದು ನಿಜ.

ಎರಡು ವರ್ಷದಲ್ಲಿ ನೂರ ಹತ್ತಕ್ಕೆ ಬಂತು. ಕೆಲವರು ಸೊಲ್ಲಾಪುರದ ಗಿರಣಿಗಳಿಗೆ ಹೋದರು. ಕೆಲವರಿಗೆ ಭಾನುವಾರವೂ ಕೂಲಿ ಸಿಗತೊಡಗಿತು. ಇನ್ನು ಕೆಲವರು ಎಲ್ಲಿಗೂ ಹೋಗಲಿಲ್ಲ, ಮನೆಯಲ್ಲೇ ಇದ್ದರು. ಒಂದು ದಿನ ದೇವಸಹಾಯಪ್ಪನವರು ಚಹಾಕ್ಕೆ ಕರೆದು ಹೇಳಿದರು: "ಮಾಸ್ತರ, ಸ್ವಲ್ಪ ದೊಡ್ಡ ಮನಸ್ಸಿಲೆ ಎಣಸ್ರಿ. ದೇವರ ಮನಿಯಾಗ ಕಂಜೂಸತನ ಯಾಕ?" ನೂರಕ್ಕಿಂತ ಕಡಿಮೆಯಾದರೆ ಸಭೆಗೆ ಊರಲ್ಲೇ ಇರುವ ಪಾದ್ರಿ ಸಿಗುವುದಿಲ್ಲ, ಅಫಜಲಪುರಕ್ಕೆ ಸೇರಿಸಿ ಬೀಗ ಹಾಕುತ್ತಾರೆ ಎಂದರು. ಅಪ್ಪ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಗುಡಿ ಅದು. ನಾನು ಆ ಭಾನುವಾರ ಬಾಗಿಲ ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂತ ಗಂಡಸರನ್ನೂ ಎಣಿಸಿದೆ. ಅವರು ಹೆಂಡಿರನ್ನು ಕರೆದೊಯ್ಯಲು ಬಂದವರು. ತಪ್ಪೇನಿಲ್ಲ, ಬೋಧನೆ ಅವರ ಕಿವಿಗೂ ಬೀಳುತ್ತದೆ ಎಂದುಕೊಂಡೆ. ಮುಂದಿನ ವರ್ಷ ಗುಡಿಯ ಬಾವಿಯ ನೀರಿಗೆ ಬರುವ ಹೆಂಗಸರನ್ನು ಸೇರಿಸಿದೆ. ಆಮೇಲೆ ಭಾನುವಾರದ ಶಾಲೆಯ ಮಕ್ಕಳನ್ನು ಒಳಗೆ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ. ಕಾಂಪೌಂಡಿನ ಗೇಟಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುವ ಹುಸೇನಬೀ ನಿನಗೆ ನೆನಪಿರಬೇಕು. ಆಕೆಯನ್ನು ನಾನು ಎಂಟು ವರ್ಷ ಸಭೆಯ ಹಾಜರಿಯಲ್ಲಿ ಎಣಿಸಿದ್ದೇನೆ. ಒಮ್ಮೆ ಆಕೆಗೆ ಅನುಮಾನ ಬಂತು. "ನನ್ನ ಕಡೆ ಬಟ್ಟ ಮಾಡಿ ಏನ ಎಣಸ್ತೀರಿ ಮಾಸ್ತರ? ಪೇರಲ ಬೇಕಂದ್ರ ಬಂದು ತಗೋರಿ. ದೂರಿಂದ ಎಣಿಸಿದ್ರ ಹೊಟ್ಟಿ ತುಂಬ್ತದೇನು?" ಎಂದು ಕೇಳಿದಳು. ನಾನು ಎರಡು ಹಣ್ಣು ಕೊಂಡೆ. ಮುಂದಿನ ವಾರವೂ ಎಣಿಸಿದೆ.

ಹೀಗೆ ಮುಂದಿನ ಒಂಬತ್ತು ವರ್ಷ ಹಲಗೆಯ ಮೇಲೆ ನೂರ ಮೂವತ್ತು, ನೂರ ನಲವತ್ತು ಉಳಿಯಿತು. ಬೆಂಚುಗಳ ಮೇಲೆ ಕೊನೆಗೆ ಉಳಿದವರು ಎಪ್ಪತ್ತೆರಡು. ಈ ಎರಡನೆಯ ಸಂಖ್ಯೆಯನ್ನು ನಾನು ಎಲ್ಲಿಯೂ ಬರೆದಿಡಲಿಲ್ಲ. ಆದರೆ ಲೆಕ್ಕದವನಿಗೆ ಮರೆಯಲು ಬರುವುದಿಲ್ಲ, ಪ್ರತಿ ಈಸ್ಟರಿನ ನಿಜ ಸಂಖ್ಯೆ ನನ್ನ ತಲೆಯಲ್ಲಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ದೇವಸಹಾಯಪ್ಪನವರ ಹನ್ನೊಂದು ವರ್ಷದ ಬೋಧನೆಯಿಂದ ಒಬ್ಬನಿಗೂ ಸಿಟ್ಟು ಬರಲಿಲ್ಲ, ಒಬ್ಬನೂ ಎದ್ದು ಹೋಗಲಿಲ್ಲ. ಅವರು ಬೆಳಕು, ನೆಮ್ಮದಿ, ಕುರುಬ, ಕುರಿ ಎಂದು ಮೆಲ್ಲಗೆ ಮಾತಾಡುತ್ತಿದ್ದರು. ಸಭೆ ಬರಿದಾದದ್ದು ಆಗಲೇ. ಸದ್ದಾಗಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಸದ್ದಾಗದಂತೆ ನೋಡಿಕೊಂಡವನು ನಾನು.

ನೀನು ವರ್ಗವಾಗಿ ಬಂದ ಮೊದಲ ಭಾನುವಾರವೇ ನೋಡಿಬಿಟ್ಟೆ. ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಗೆ ಕರೆದು, ನಿಲುವಂಗಿಯ ಗುಂಡಿ ಬಿಚ್ಚುತ್ತ, "ಪ್ರಭು, ನೂರ ಮೂವತ್ತೆಂಟು ಬರ್ದೀದಿ. ಬಾಕಿ ಮಂದಿ ಎಲ್ಲಿ ಕುಂತಿದ್ರೋ, ಮಾಳಗಿ ಮ್ಯಾಲೇನು?" ಎಂದೆ. ನಾನು ಕೈಯ ಸುಣ್ಣ ಒರೆಸಿಕೊಂಡೆ. "ಇದ್ದಷ್ಟ ಬರಿ. ಇಲ್ಲದವರಿಗೆ ನಾ ಏನ್ ಹೇಳ್ಲಿ?" ಎಂದೆ. ಮುಂದಿನ ವಾರ ನಾನು ಎಪ್ಪತ್ತೊಂದು ಎಂದು ಬರೆದೆ. ಎಡಗಡೆ ಎಪ್ಪತ್ತೊಂದು, ಬಲಗಡೆ ಹೋದ ವಾರದ ನೂರ ಮೂವತ್ತೆಂಟು. ಸಭೆಯೆಲ್ಲ ಹಲಗೆಯನ್ನು ನೋಡಿತು, ಆಮೇಲೆ ನಿನ್ನನ್ನು ನೋಡಿತು. ಹೊಸ ಪಾದ್ರಿ ಬಂದ ಒಂದೇ ವಾರದಲ್ಲಿ ಅರವತ್ತೇಳು ಜನ ಬಿಟ್ಟುಹೋದರು ಎಂದು ಊರಲ್ಲಿ ಮಾತಾಯಿತು. ಆ ಮಾತು ನನಗೂ ಕೇಳಿಸಿತು, ನಿನಗೂ ಕೇಳಿಸಿತು. ಇಬ್ಬರೂ ಸುಮ್ಮನಿದ್ದೆವು. ನಾನು ಸುಮ್ಮನಿದ್ದದ್ದಕ್ಕೆ ಕಾರಣ ಇದೆ. ನೀನು ಯಾಕೆ ಸುಮ್ಮನಿದ್ದೆ ಎಂದು ಈ ಎರಡು ವರ್ಷದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಪೀಠದ ಮೇಲೆ ನಿಂತರೆ ಯಾರಿಗೂ ಅಂಜದ ನೀನು ನನ್ನ ವಿಷಯದಲ್ಲಿ ಬಾಯಿ ಮುಚ್ಚಿದೆ. ಅದು ಪ್ರೀತಿಯೋ, ನನ್ನಂಥವನ ಮೇಲೆ ಮಾತು ಯಾಕೆ ವೆಚ್ಚ ಮಾಡಬೇಕೆಂಬ ತಾತ್ಸಾರವೋ ಈಗಲೂ ತಿಳಿಯದು. ಅರ್ಜಿಗೆ ನೀನು ಕೊಟ್ಟ ಜವಾಬಿನಲ್ಲೂ ಹಲಗೆಯ ಪ್ರಸ್ತಾಪವಿಲ್ಲ ಎಂದು ಕೇಳಿದೆ.

ನೀನು ಬಂದ ವರ್ಷದ ಡಿಸೆಂಬರಿನ ಮೊದಲ ಭಾನುವಾರದ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ. ಕರ್ತನ ಭೋಜನದ ದಿನ. ಸಣ್ಣ ಗಾಜಿನ ಲೋಟಗಳನ್ನು ಕೂರಿಸುವ, ತೂತು ಕೊರೆದ ಆ ಮರದ ತಟ್ಟೆ ಅಪ್ಪನ ಕಾಲದ್ದು. ಅದರ ಕೊನೆಯ ಸಾಲಿನ ಹತ್ತು ಲೋಟಗಳ ತಳಕ್ಕೆ ಕೆಂಪು ಬಣ್ಣದ ಚುಕ್ಕೆ ಇರುವುದು ಎಲ್ಲರಿಗೂ ಗೊತ್ತಿತ್ತು. ಊರು ಗುಡಿಸುವ ಓಣಿಯ ಆರು ಮನೆಗಳು ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದ ವರ್ಷ ಆ ಚುಕ್ಕೆ ಬಿತ್ತು. ಹಾಕಿದವರು ಯಾರು ಎಂದು ಯಾರೂ ಹೇಳುವುದಿಲ್ಲ. ಆ ಓಣಿಯ ಗಂಗಾಬಾಯಿಯ ಮನೆಯವರು ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, ಎಲ್ಲರದೂ ಆದ ಮೇಲೆ ಎದ್ದು ಬಂದು, ಚುಕ್ಕೆ ನೋಡಿ ಎತ್ತಿಕೊಂಡು ಕುಡಿದು, ತಾವೇ ತೊಳೆದಿಡುತ್ತಿದ್ದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಪ್ಪ ತನಗೆಂದು ಬೇರೆ ಇಟ್ಟ ಬಸಿಯಲ್ಲಿ ಚಹಾ ಕುಡಿದು ತಾನೇ ತೊಳೆದಿಡುತ್ತಿದ್ದುದನ್ನು ನಾವಿಬ್ಬರೂ ಕಂಡವರು. ಅದೇ ಅಪ್ಪ ಈ ತಟ್ಟೆಯನ್ನು ಇಪ್ಪತ್ತು ವರ್ಷ ಹಿಡಿದು ನಿಂತ. ಎರಡನ್ನೂ ಜೋಡಿಸಿ ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ನಿನ್ನೊಬ್ಬನಿಗೆ ಮಾತ್ರ ಇತ್ತು.

ಅವತ್ತಿನ ನಿನ್ನ ಬೋಧನೆ ಉದ್ದವಿರಲಿಲ್ಲ. ಹೋಟೆಲಿನ ಬಸಿಯ ಕಥೆ ಹೇಳಿದೆ, ಅಪ್ಪನ ಹೆಸರು ಹೇಳಿಯೇ ಹೇಳಿದೆ. "ಕರ್ತನ ಮೇಜಿಗೆ ಹಿಂದಿನ ಬಾಗಿಲ ಇಲ್ಲ. ಇದ್ರ ಅದು ಕರ್ತನ ಮೇಜಲ್ಲ, ಹೋಟೆಲು" ಎಂದೆ. ಆಮೇಲೆ ತಟ್ಟೆಯ ಕೊನೆಯ ಸಾಲಿನಿಂದ ಒಂದು ಲೋಟ ಎತ್ತಿ, ತಳದ ಚುಕ್ಕೆ ಎಲ್ಲರಿಗೂ ಕಾಣುವಂತೆ ಹಿಡಿದು, ಮೊದಲು ನೀನೇ ಕುಡಿದೆ. ಉಳಿದ ಲೋಟಗಳನ್ನು ಅದಲುಬದಲು ಮಾಡಿ ಇಟ್ಟು, ಬರ್ರಿ ಎಂದೆ. ನಾನು ಬೋಧನೆ ಕೇಳಿದ್ದು ಅದೊಂದೇ ದಿನ. ಕೇಳುತ್ತ ಕೇಳುತ್ತ ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದೆ. ಸಭೆಯಲ್ಲಿ ಎಪ್ಪತ್ನಾಲ್ಕು ಜನ. ಮೇಜಿನ ಬಳಿಗೆ ಬಂದವರು ಹತ್ತೊಂಬತ್ತು. ಎದ್ದು ಹೊರಗೆ ಹೋದವರು ಹದಿಮೂರು. ಉಳಿದವರು ಕೂತಲ್ಲೇ ಕೂತರು. ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದು ಗೋಡೆಗೆ ನಿಂತಿದ್ದೆ. ನೀನು ಒಮ್ಮೆ ನನ್ನ ಕಡೆ ನೋಡಿದೆ. ಸುಣ್ಣದ ಕೈಯಲ್ಲಿ ಲೋಟ ಹಿಡಿಯುವುದು ಹೇಗೆ ಎಂಬಂತೆ ನಾನು ಕೈ ತೋರಿಸಿದೆ. ನೀನು ತಲೆ ಅಲ್ಲಾಡಿಸಿದೆ. ಆ ತಲೆ ಅಲ್ಲಾಡಿಸಿದ ರೀತಿಯನ್ನು ನಾನು ಮರೆತಿಲ್ಲ.

ಆ ಬೋಧನೆಯಿಂದ ಸಭೆ ಬಿಟ್ಟವರ ನಿಜವಾದ ಸಂಖ್ಯೆ ಹನ್ನೊಂದು. ನಾಲ್ಕು ಮನೆ. ಹೊರಗೆ ಹೋದ ಹದಿಮೂರರಲ್ಲಿ ಇಬ್ಬರು ಮುಂದಿನ ವಾರ ಬಂದರು. ಅಂದರೆ ನೀನು ಬಂದಾಗ ಎಪ್ಪತ್ತೆರಡು, ಈ ವರ್ಷ ಏಪ್ರಿಲಿನಲ್ಲಿ ನಿನ್ನನ್ನು ಕೆಳಗಿಳಿಸಿದಾಗ ಅರವತ್ಮೂರು. ಇದನ್ನು ಅರ್ಧ ಎಂದು ಯಾವ ಲೆಕ್ಕದಲ್ಲೂ ಹೇಳಲು ಬರುವುದಿಲ್ಲ. ನೀನು ಹೋದ ಮೇಲೆ, ಯಾರ ಮನಸ್ಸಿಗೂ ಹತ್ತದ ಬೋಧನೆಗಳು ಮತ್ತೆ ಶುರುವಾದ ಮೇಲೆ, ಅರವತ್ಮೂರು ಇಪ್ಪತ್ತೆರಡಾಗಿದೆ. ಬಿಟ್ಟುಹೋದ ಆ ನಾಲ್ಕು ಮನೆಗಳೂ ಮರಳಿ ಬರಲಿಲ್ಲ. ಅವರಿಗೆ ಭಾನುವಾರ ಬೆಳಿಗ್ಗೆ ಮಲಗುವ ರುಚಿ ಹತ್ತಿದೆ.

ರೇವಣಪ್ಪನವರು ಶುಕ್ರವಾರ ಸಂಜೆ ಮನೆಗೆ ಬಂದಿದ್ದರು. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಆಗುವುದಿಲ್ಲ. ದನದ ದವಾಖಾನೆಯಲ್ಲಿ ಕಂಪೌಂಡರಾಗಿ ನಿವೃತ್ತರಾಗುವ ಹೊತ್ತಿಗೆ ಆ ಮನುಷ್ಯನಿಗೆ ಊರಿನ ಎರಡು ಅಂಗಡಿಗಳಲ್ಲಿ ಕುರ್ಚಿ ಸಿಕ್ಕಿದೆ. "ಮಾಸ್ತರ, ನಮ್ಮಜ್ಜ ತೊಗಲ ಹದಾ ಮಾಡಿದಾವ, ನಿಮ್ಮಜ್ಜನೂ ಅದ. ಮೂರು ತಲಿಮಾರು ಹಿಡೀತು ನಮ್ಮನ್ನ ಕುಂದ್ರಿ ಅನ್ನಾಕ. ಆ ಓಣಿಯವರ ಕೂಡ ಒಂದ ಗಿಲಾಸ ಅಂತ ಊರಾಗ ಗೊತ್ತಾದ್ರ ನಾಳಿ ಮತ್ತ ಹೊರಗ ನಿಂದ್ರಿ ಅಂತಾರ. ನಿಮ್ಮಣ್ಣ ಸಂತ ಅದಾನ, ಖರೆ. ಸಂತರಿಗೇನು, ಎಲ್ಲಿ ಬೇಕಾದ್ರೂ ನಿಂದಿರ್ತಾರ" ಎಂದರು. ಆಮೇಲೆ ಚಹಾ ಕುಡಿದು, ಹೊರಡುವಾಗ ಹೊಸ್ತಿಲ ಬಳಿ ಮೆಲ್ಲಗೆ ಅಂದರು: "ಪಾದ್ರಿಗಳಿಂದ ಮಂದಿ ಇಳಿದದ್ದಾದ್ರ ಮತ್ತ ಬರ್ತಾರಂತ ಮೇಲ್ವಿಚಾರಕರು ಕಾಯ್ತಾರ. ಇಷ್ಟು ವರ್ಷದ ಹಾಜರಿ ಸುಳ್ಳಂತ ನೀವ ಹೇಳಿದ್ರ ಗುಡಿಗೆ ಬೀಗ ಬೀಳ್ತದ ನೋಡ್ರಿ. ಬೀಗಾ ಹಾಕಿದವರು ಯಾರು ಅಂತ ಮ್ಯಾಲಿಂದ ನಿಮ್ಮಪ್ಪ ಕೇಳ್ತಾನ." ಅವರಿಗೆ ಗೊತ್ತಿದೆ, ಮಾಣಿಕಣ್ಣ. ಮೊದಲಿನಿಂದಲೂ ಗೊತ್ತಿತ್ತು. ಅರ್ಜಿಯಲ್ಲಿ ಬರೆದ ಸಂಖ್ಯೆ ಸುಳ್ಳೆಂದು ಗೊತ್ತಿದ್ದೇ ಬರೆದಿದ್ದಾರೆ, ನಾನು ಸುಳ್ಳೆಂದು ಹೇಳುವುದಿಲ್ಲ ಎಂಬ ಧೈರ್ಯದ ಮೇಲೆ.

ನನಗೆ ಕಳೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. ನೌಕರಿ ಸರಕಾರದ್ದು, ಅದಕ್ಕೂ ಸಭೆಗೂ ಸಂಬಂಧವಿಲ್ಲ. ಹೋಗುವುದು ಹೆಸರು. ಆಳಂದದಲ್ಲಿ ಯಾರದಾದರೂ ಹೊಲದ ಅಳತೆಯ ಜಗಳವಾದರೆ ಮಾಸ್ತರನ್ನ ಕೇಳ್ರಿ ಎನ್ನುತ್ತಾರೆ. ಅದು ಹೋಗುತ್ತದೆ. ಬರಿ ಇಷ್ಟಕ್ಕಾಗಿ ನಿನ್ನ ಇಪ್ಪತ್ತಾರು ವರ್ಷದ ಸೇವೆಯನ್ನು ತೂಗುತ್ತ ಕೂತಿದ್ದೇನೆ ಎಂದು ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಆ ನಾಚಿಕೆ ಕೂಡ ದೂರದಿಂದ ಕಾಣುತ್ತದೆಯೇ ಹೊರತು ಮೈಗೆ ಹತ್ತುವುದಿಲ್ಲ. ಮೊನ್ನೆ ಗಂಗಾಬಾಯಿ ಪೇಟೆಯಲ್ಲಿ ಪೊರಕೆ ಹಿಡಿದುಕೊಂಡೇ ನಿಲ್ಲಿಸಿ ನಿನ್ನನ್ನು ಕೇಳಿದಳು. "ಪಾದ್ರಿ ಸಾಹೇಬರ ಕಾಲ ಹ್ಯಾಂಗೈತ್ರಿ?" ಎಂದಳು. ಈಗ ಭೋಜನದ ದಿನ ಬರುತ್ತೀಯೇನವ್ವ ಎಂದೆ. "ಬರ್ತೇನ್ರಿ, ಯಾಕ ಬರಬಾರ್ದು? ಅವರು ಹೋದ್ರು, ನಮ್ಮ ಗಿಲಾಸ ಉಳೀತು. ಈ ಸಲ ಚುಕ್ಕಿ ಹೊಸದಾಗಿ ಹಚ್ಯಾರ, ಛಂದ ಕಾಣ್ತದ" ಎಂದು ನಕ್ಕಳು. ಆಕೆಯ ಮನೆಯ ಏಳು ಜನ ಒಂದು ಭಾನುವಾರವೂ ತಪ್ಪಿಸಿಲ್ಲ. ಇವತ್ತಿನ ಇಪ್ಪತ್ತೆರಡರಲ್ಲಿ ಏಳು ಅವರೇ. ಇದನ್ನೂ ಅರ್ಜಿಯಲ್ಲಿ ಯಾರೂ ಬರೆದಿಲ್ಲ.

ಹೀಗಾಗಿ ನಿಶ್ಚಯ ಮಾಡಿದ್ದೇನೆ. ಶನಿವಾರ ಮೇಲ್ವಿಚಾರಕರ ಮುಂದೆ ನಿಂತು ಹಲಗೆ ಸುಳ್ಳು, ಸುಳ್ಳು ಬರೆದವನು ನಾನು ಎಂದು ಹೇಳುತ್ತೇನೆ. ಯಾವ ವರ್ಷ ಎಷ್ಟು ಎಂದು ಒಂದೊಂದಾಗಿ ಹೇಳುತ್ತೇನೆ. ಬೀಗ ಬಿದ್ದರೆ ಬೀಳಲಿ. ಇಪ್ಪತ್ತೆರಡು ಜನ ಬೇವಿನ ಮರದ ಕೆಳಗೆ ಕೂರಬಹುದು, ಅಲ್ಲಿ ಕೂತವರನ್ನು ನಾನು ಎಷ್ಟೋ ವರ್ಷ ಒಳಗಿದ್ದವರೆಂದೇ ಲೆಕ್ಕ ಹಾಕಿದ್ದೇನೆ. ನೀನು ಇದಕ್ಕಾಗಿ ಪ್ರಾರ್ಥಿಸು ಎಂದು ಬರೆಯುವ ಅಧಿಕಾರ ನನಗಿಲ್ಲ. ಶನಿವಾರದ ತನಕ ಕಾಲು ನೆಲಕ್ಕೆ ಊರಬೇಡ, ಅಷ್ಟು ಸಾಕು.

ವೈನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಆಶೀರ್ವಾದ. ವಿಮಲಾ ನಿಮಗೆಂದು ಶೇಂಗಾ ಚಟ್ನಿ ಮಾಡಿಟ್ಟಿದ್ದಾಳೆ, ಬರುವವರು ಸಿಕ್ಕರೆ ಕಳಿಸುತ್ತೇನೆ. ದೇವರು ನಿನ್ನ ಮನೆಯನ್ನು ಕಾಯಲಿ.

ನಿನ್ನ ತಮ್ಮ,
ಪ್ರಭುದಾಸ

ತಾ.ಕ. — ಬುಧವಾರ. ಲಕೋಟೆ ಅಂಟಿಸಿರಲಿಲ್ಲ, ಅದಕ್ಕೇ ಇದನ್ನು ಬರೆಯಲಾಗುತ್ತಿದೆ. ಮೇಲ್ವಿಚಾರಕರು ಶನಿವಾರದ ಬದಲು ನಿನ್ನೆಯೇ ಬಂದರು, ಸೊಲ್ಲಾಪುರದಿಂದ ಮರಳುವ ದಾರಿಯಲ್ಲಿ. ಶಾಲೆಗೆ ಹೇಳಿ ಕಳಿಸಿದರು. ಐದನೆಯ ಇಯತ್ತೆಗೆ ಭಾಗಾಕಾರ ಹಾಕಿಕೊಟ್ಟು ಹೋದೆ. ರೇವಣಪ್ಪನವರು ಅಲ್ಲೇ ಇದ್ದರು. ಮೇಲ್ವಿಚಾರಕರು ಒಂದೇ ಪ್ರಶ್ನೆ ಕೇಳಿದರು, ಹಲಗೆಯ ಮೇಲೆ ಬರೆದದ್ದು ಸರಿ ಅದ ಏನು ಮಾಸ್ತರ ಎಂದು. ನಾನು ಸರಿ ಅದ ರೀ ಎಂದೆ. ಬರೆದುಕೊಂಡರು. ನಾನು ಮರಳಿ ಬರುವಾಗ ಮಕ್ಕಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಈ ಪತ್ರವನ್ನು ಹರಿಯಬಹುದಿತ್ತು, ಹರಿದಿಲ್ಲ. ನಿಜ ಏನೆಂಬುದು ಇದರಲ್ಲಿ ನನ್ನ ಕೈಬರಹದಲ್ಲಿದೆ, ಕೆಳಗೆ ಸಹಿ ಇದೆ. ನೀನು ಇದನ್ನು ಅವರಿಗೆ ಕಳಿಸಿದರೆ ನಿನ್ನ ಹೆಸರು ಯಾದಿಯಲ್ಲಿ ಉಳಿಯುತ್ತದೆ. ನೀನು ಕಳಿಸುವುದಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಅಂಚೆಗೆ ಹಾಕುತ್ತಿದ್ದೇನೆ.